ಬಿಸಿಲೂರಿನ ಓಟಗಾರರಿಗೆ ಯಾವ ಫಾರ್ವರ್ಡ್ ನಿಜ, ಯಾವ ಉಡುಗೊರೆ ಉಪಯೋಗ?

ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಗೆ, ಸೇನೆಯ ಭರ್ತಿಗೆ, ಇಲ್ಲವೇ ಡಾಕ್ಟರು ಶುಗರ್ ಹೆಚ್ಚಾಗಿದೆ ಎಂದದ್ದಕ್ಕೆ. ಆಳಂದ, ಅಫಜಲಪುರ, ಜೇವರ್ಗಿ ಕಡೆ ನಸುಕಿನಲ್ಲಿ ಓಡುವವರಿಗೆ ಇಂಥ ಒಂದಲ್ಲ ಒಂದು ಕಾರಣ ಇರುತ್ತದೆ. ಅವರ ಮೊಬೈಲ್‌ಗೆ ಸಲಹೆಗಳೂ ಬರುತ್ತಲೇ ಇರುತ್ತವೆ: ಓಡುವಾಗ ನೀರು ಕುಡಿಯಬೇಡಿ, ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳಿ, ದಪ್ಪ ಜಾಕೆಟ್ ಹಾಕಿಕೊಂಡು ಓಡಿ. ಇವುಗಳಲ್ಲಿ ಕೆಲವು ನಿರುಪದ್ರವಿ. ಕೆಲವು ಮಾತ್ರ ಬಿಸಿಲ ನಾಡಿನಲ್ಲಿ ಜೀವಕ್ಕೇ ಕುತ್ತು ತರಬಲ್ಲವು. ಒಂದೊಂದಾಗಿ ನೋಡೋಣ.

ಇಲ್ಲಿ ಓಡುವಾಗ ಹೆಚ್ಚು ಎಚ್ಚರ ಯಾಕೆ ಬೇಕು?

ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಈ ಭಾಗದ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ.

ಓಡುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಓಟಕ್ಕೆ ಬಳಕೆಯಾಗುತ್ತದೆ. ಉಳಿದದ್ದೆಲ್ಲ ಶಾಖ. ಅದನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಆದರೆ ಬೆವರು ಹರಿದರಷ್ಟೇ ಸಾಲದು, ಅದು ಮೈಮೇಲೆಯೇ ಆರಬೇಕು. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾಗಿದ್ದಾಗ ಗಾಳಿಯೂ ದೇಹಕ್ಕೆ ಶಾಖ ತುಂಬುತ್ತದೆ. ಆಗ ಬೆವರು ಆರುವುದೊಂದೇ ಉಳಿಯುವ ದಾರಿ.

"ಪ್ಲಾಸ್ಟಿಕ್ ಜಾಕೆಟ್, ಸ್ವೆಟರ್ ಹಾಕಿ ಓಡಿದರೆ ಕೊಬ್ಬು ಕರಗುತ್ತದೆ"

ಸುಳ್ಳು, ಅಪಾಯಕಾರಿ ಕೂಡ. ಜಾಕೆಟ್‌ನೊಳಗೆ ಬೆವರು ಆರುವುದಿಲ್ಲ, ದೇಹ ತಣ್ಣಗಾಗುವುದಿಲ್ಲ. ತಕ್ಕಡಿಯ ಮೇಲೆ ಇಳಿದದ್ದು ಕೊಬ್ಬಲ್ಲ, ನೀರು. ಎರಡು ಗ್ಲಾಸ್ ನೀರು ಕುಡಿದ ಕೂಡಲೇ ತೂಕ ಅರ್ಧ ಕಿಲೋ ಮರಳಿ ಬರುತ್ತದೆ. ಓಟದಲ್ಲಿ ಖರ್ಚಾಗುವ ಶಕ್ತಿಯ ಅಂದಾಜು ಲೆಕ್ಕ ಸರಳವಾಗಿದೆ: ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ ಒಂದು ಕಿಲೋಕ್ಯಾಲೊರಿ. 60 ಕಿಲೋ ತೂಕದವರು 5 ಕಿಲೋಮೀಟರ್ ಓಡಿದರೆ ಸುಮಾರು 300. ಜಾಕೆಟ್ ಹಾಕಿದ್ದಕ್ಕೆ ಈ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ.

"ಜೇಬಿನಲ್ಲಿ ಉಳ್ಳಾಗಡ್ಡಿ ಇದ್ದರೆ ಬಿಸಿಲು ಬಡಿಯುವುದಿಲ್ಲ"

ಸುಳ್ಳು. ಜೇಬಿನಲ್ಲಿರುವ ಉಳ್ಳಾಗಡ್ಡಿ ದೇಹದ ಶಾಖ ಹೀರುವುದಿಲ್ಲ, ಬೆವರು ಆರಿಸುವುದೂ ಇಲ್ಲ. ರೊಟ್ಟಿಯ ಜೊತೆ ಕಚ್ಚಿಕೊಂಡು ತಿನ್ನಲು ಅದು ಒಳ್ಳೆಯದೇ. ಆದರೆ ಅದನ್ನು ನಂಬಿ ಹತ್ತು ಗಂಟೆಯ ಬಿಸಿಲಿಗೆ ಓಡಲು ಹೊರಟರೆ ಅಪಾಯ.

"ಓಡುವಾಗ ನೀರು ಕುಡಿಯಬಾರದು"

ಅರ್ಧ ಸತ್ಯ. ಒಮ್ಮೆಲೇ ಒಂದು ಬಾಟಲಿ ನೀರು ಕುಡಿದು ಓಡಿದರೆ ಹೊಟ್ಟೆ ಹಿಡಿದುಕೊಳ್ಳಬಹುದು. ಹಾಗೆಂದು ಬಾಯಾರಿದರೂ ಕುಡಿಯದೆ ಇರುವುದು ತಪ್ಪು. ಹೊರಡುವ ಮುನ್ನ ಸ್ವಲ್ಪ, ದಾರಿಯಲ್ಲಿ ಬಾಯಾರಿದಾಗ ಗುಟುಕು ಗುಟುಕಾಗಿ, ಮುಗಿದ ಮೇಲೆ ನಿಧಾನವಾಗಿ ಕುಡಿಯಿರಿ. ಬಾಯಾರಿಕೆ ಇಲ್ಲದಿದ್ದರೂ ಲೀಟರ್‌ಗಟ್ಟಲೆ ಕುಡಿಯುವುದೂ ಸರಿಯಲ್ಲ. ಗಂಟೆಗಟ್ಟಲೆ ಓಡುವವರಲ್ಲಿ ಅದರಿಂದ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿದ ಪ್ರಕರಣಗಳಿವೆ.

"ಓಡುವವರೆಲ್ಲ ದಿನಾ ಓಆರ್‌ಎಸ್ ಕುಡಿಯಬೇಕು"

ಅಗತ್ಯವಿಲ್ಲ. ಅರ್ಧ ಗಂಟೆಯ ಓಟಕ್ಕೆ ನೀರು ಮತ್ತು ದಿನದ ಊಟ ಸಾಕು. ತುಂಬ ಹೊತ್ತು ಬೆವರು ಸುರಿಸಿದಾಗ ಅಥವಾ ವಾಂತಿ–ಭೇದಿ ಆದಾಗ ಓಆರ್‌ಎಸ್ ಉಪಯುಕ್ತ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಸೇರಿಸಿ ಕಲಸಿ. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಸಕ್ಕರೆ ಕಾಯಿಲೆ, ಬಿಪಿ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಅಂಗಡಿಯಲ್ಲಿ ಕೊಳ್ಳುವಾಗ ಇನ್ನೊಂದು ಎಚ್ಚರ ಇರಲಿ. ಸಕ್ಕರೆ ತುಂಬಿದ ಸಿಹಿ ಪಾನೀಯಗಳೂ ಓಆರ್‌ಎಸ್ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾಗದ ಪಾನೀಯಗಳ ಮೇಲೆ ಆ ಪದ ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಹಾಗಾಗಿ ಚೀಟಿ ಓದಿ ಕೊಳ್ಳಿ.

"ಬೆಳಗಿನ ಜಾವ ಗಾಳಿಯಲ್ಲಿ ಆಮ್ಲಜನಕ ಹೆಚ್ಚು"

ಕಾರಣ ತಪ್ಪು, ಸಲಹೆ ಸರಿ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಹಗಲಿರುಳೂ ಸುಮಾರು 21 ಶೇಕಡಾ. ಗಿಡದ ಕೆಳಗೆ ನಿಂತರೂ ಅಷ್ಟೇ. ನಸುಕಿನ ಓಟ ಒಳ್ಳೆಯದು ಯಾಕೆಂದರೆ ದಿನದ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ ಸೂರ್ಯೋದಯದ ಆಸುಪಾಸಿನಲ್ಲಿ ಇರುತ್ತದೆ. ಬೇಸಿಗೆಯ ಸಂಜೆ 5ಕ್ಕೆ ನೆಲವೂ ಗೋಡೆಯೂ ಇನ್ನೂ ಕಾದಿರುತ್ತವೆ.

"ಓಡಿದರೆ ಮೊಣಕಾಲು ಸವೆಯುತ್ತದೆ"

ಹವ್ಯಾಸಕ್ಕೆ ಓಡುವ ಬಹುತೇಕರಿಗೆ ಇದು ಸುಳ್ಳು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸೊಂಟ ಮತ್ತು ಮೊಣಕಾಲಿನ ಸಂಧಿವಾತ ಹವ್ಯಾಸಿ ಓಟಗಾರರಲ್ಲಿ ಶೇ 3.5ರಷ್ಟು, ಓಡದೆ ಕೂತಿರುವವರಲ್ಲಿ ಶೇ 10.2ರಷ್ಟು ಇತ್ತು. ಸ್ಪರ್ಧೆಗಾಗಿ ತೀವ್ರವಾಗಿ ಓಡುವವರಲ್ಲಿ ಮಾತ್ರ ಶೇ 13.3. ಈಗಾಗಲೇ ನೋವು, ಬಾವು ಇರುವವರು ಮೊದಲು ವೈದ್ಯರಿಗೆ ತೋರಿಸಬೇಕು.

1,600 ಮೀಟರ್ ಪರೀಕ್ಷೆಗೆ ತಯಾರಾಗುವವರಿಗೆ

ಕರ್ನಾಟಕದ ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಮಹಿಳೆಯರು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕು. ನಿಮ್ಮ ಅಧಿಸೂಚನೆಯಲ್ಲಿ ಏನಿದೆ ಎಂದು ಒಮ್ಮೆ ನೋಡಿಕೊಳ್ಳಿ. 400 ಮೀಟರ್ ಮೈದಾನದಲ್ಲಿ ಪುರುಷರಿಗೆ ಇದು ಸುತ್ತಿಗೆ ಸುಮಾರು 97 ಸೆಕೆಂಡ್. ಮೊದಲ ಸುತ್ತನ್ನೇ 80 ಸೆಕೆಂಡಿಗೆ ಓಡಿ ಕೊನೆಯ ಸುತ್ತಿನಲ್ಲಿ ಕುಸಿಯುವುದಕ್ಕಿಂತ ನಾಲ್ಕೂ ಸುತ್ತು ಒಂದೇ ವೇಗದಲ್ಲಿ ಓಡುವುದನ್ನು ರೂಢಿಸಿಕೊಳ್ಳಿ.

ಬಿಸಿಲಿಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ದಿನದಿನಕ್ಕೆ ಓಟ ಸ್ವಲ್ಪ ಸ್ವಲ್ಪ ಹೆಚ್ಚಿಸಿದರೆ ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಮಧ್ಯಾಹ್ನ ಓಡಿ ರೂಢಿ ಮಾಡಿಕೊಳ್ಳುತ್ತೇನೆ ಎನ್ನುವುದು ಬೇಡ. ಜ್ವರ ಇದ್ದ ದಿನ ಓಡಲೇಬೇಡಿ.

ಓಡುತ್ತಿದ್ದವರು ಕುಸಿದರೆ

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ಬಿಸಿಲಲ್ಲಿ ಓಡುತ್ತಿದ್ದವರು ತೂರಾಡುತ್ತಿದ್ದರೆ, ಏನೇನೋ ಮಾತಾಡುತ್ತಿದ್ದರೆ, ಕುಸಿದು ಬಿದ್ದರೆ ಅದು ಉಷ್ಣಾಘಾತ ಇರಬಹುದು. "ಮೈ ಒಣಗಿದ್ದರೆ ಮಾತ್ರ ಉಷ್ಣಾಘಾತ" ಎನ್ನುವುದು ತಪ್ಪು. ಓಡಿ ಬಿದ್ದವರ ಮೈ ಬೆವರಿನಿಂದ ಒದ್ದೆಯಾಗಿಯೇ ಇರಬಹುದು.

- ನೆರಳಿಗೆ ತನ್ನಿ, ಬೂಟು ಮತ್ತು ಬಿಗಿ ಬಟ್ಟೆ ತೆಗೆಯಿರಿ. ಜೊತೆಗಿದ್ದವರು 108ಕ್ಕೆ ಕರೆ ಮಾಡಲಿ.
- ಆಂಬುಲೆನ್ಸ್ ಬರುವವರೆಗೂ ಕಾಯಬೇಡಿ. ಕೊಡದಿಂದಾಗಲಿ ಬೋರ್‌ವೆಲ್ ಪೈಪಿನಿಂದಾಗಲಿ ಮೈತುಂಬ ನೀರು ಸುರಿಯುತ್ತಲೇ ಇರಿ, ಗಾಳಿ ಬೀಸಿ.
- ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ.
- ಪ್ರಜ್ಞೆ ಸರಿಯಾಗಿಲ್ಲದವರ ಬಾಯಿಗೆ ನೀರು, ಓಆರ್‌ಎಸ್ ಹಾಕಬೇಡಿ. ಶ್ವಾಸನಾಳಕ್ಕೆ ಹೋಗಬಹುದು. ಒಂದು ಮಗ್ಗುಲಿಗೆ ಮಲಗಿಸಿ.
- ಉಸಿರಾಟವೇ ಇಲ್ಲದಿದ್ದರೆ ತಕ್ಷಣ ಎದೆಯ ನಡುವೆ ಎರಡೂ ಕೈಯಿಂದ ಬಲವಾಗಿ, ವೇಗವಾಗಿ ಒತ್ತಲು ಶುರುಮಾಡಿ.

ಕತ್ತಲಲ್ಲಿ ರಸ್ತೆಗಿಳಿಯುವಾಗ

ಬಿಸಿಲು ತಪ್ಪಿಸಿ ನಸುಕಿನಲ್ಲಿ ಓಡಿದರೆ ವಾಹನದ ಅಪಾಯ ಎದುರಾಗುತ್ತದೆ. 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬರುತ್ತದೆ. ಆಳಂದ, ಅಫಜಲಪುರ ತಾಲ್ಲೂಕುಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬಿನ ಹಂಗಾಮಿನಲ್ಲಿ ಲೋಡ್ ತುಂಬಿದ ಟ್ರ್ಯಾಕ್ಟರ್‌ಗಳು ಅದೇ ರಸ್ತೆಯಲ್ಲಿ ಓಡಾಡುತ್ತವೆ. ಆದ್ದರಿಂದ ರಸ್ತೆಯ ಬಲಬದಿಯಲ್ಲಿ, ಎದುರಿಗೆ ಬರುವ ಗಾಡಿ ಕಾಣುವಂತೆ ಓಡಿ. ಬಿಳಿ ಅಥವಾ ತಿಳಿ ಬಣ್ಣದ ಅಂಗಿ ಇರಲಿ. ಕಿವಿಯಲ್ಲಿ ಇಯರ್‌ಫೋನ್ ಬೇಡ. ಹೊಲದ ದಾರಿ ಸುರಕ್ಷಿತ ಎನಿಸಿದರೂ ಬೇಸಿಗೆಯಲ್ಲಿ ಎರೆ ಭೂಮಿ ಬಿರುಕು ಬಿಟ್ಟಿರುತ್ತದೆ. ಬೆಳಕಿಲ್ಲದಾಗ ಕಾಲು ಉಳುಕುವುದು ಸುಲಭ.

ಪರಿಸರಕ್ಕೂ ಒಳ್ಳೆಯದು, ಜೇಬಿಗೂ ಒಳ್ಳೆಯದು

ಓಟಗಾರನಿಂದ ಪರಿಸರದ ಮೇಲೆ ಬೀಳುವ ಹೊರೆಯಲ್ಲಿ ಬೂಟಿನ ಪಾಲು ಸಣ್ಣದಲ್ಲ. ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು 2013ರಲ್ಲಿ ಲೆಕ್ಕ ಹಾಕಿದಂತೆ ಒಂದು ಜೊತೆ ಓಟದ ಬೂಟಿನಿಂದ ಸುಮಾರು 14 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆ ಆಗುತ್ತದೆ. ಅದರಲ್ಲಿ ಹೆಚ್ಚಿನದು ತಯಾರಿಕೆಯ ಹಂತದ್ದು. ಹೀಗಾಗಿ ಇರುವ ಬೂಟನ್ನೇ ಪೂರ್ತಿ ಬಳಸುವುದು ದೊಡ್ಡ ಹಸಿರು ಕೆಲಸ. ಒಂದು ಜೊತೆ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ವಾರಕ್ಕೆ 25 ಕಿಲೋಮೀಟರ್ ಓಡುವವರಿಗೆ ಅದು ಐದರಿಂದ ಎಂಟು ತಿಂಗಳು. ಬೂಟನ್ನು ಓಟಕ್ಕೆ ಮಾತ್ರ ಹಾಕಿ, ನೆರಳಲ್ಲಿ ಒಣಗಿಸಿ. ಓಟಕ್ಕೆ ಸವೆದ ಮೇಲೆ ಅದೇ ಬೂಟನ್ನು ನಡೆದಾಡಲು ಬಳಸಬಹುದು.

ನೀರಿನ ಪೌಚ್ ಹರಿದು ರಸ್ತೆಬದಿ ಎಸೆಯಬೇಡಿ. ಆ ಪ್ಲಾಸ್ಟಿಕ್ ಹೊಲಕ್ಕೆ ಹೋಗುತ್ತದೆ, ಇಲ್ಲವೇ ದನದ ಹೊಟ್ಟೆಗೆ. ಮನೆಯ ಬಾಟಲಿ ತುಂಬಿಕೊಂಡು ಹೋಗಿ. ಓಡಲು ಮೈದಾನದವರೆಗೆ ಬೈಕ್‌ನಲ್ಲಿ ಹೋಗುವ ಬದಲು ಮನೆಯಿಂದಲೇ ನಿಧಾನವಾಗಿ ಓಡುತ್ತಾ ಹೋದರೆ ಮೈ ಬಿಸಿಯಾಗುವ ಕೆಲಸವೂ ಮುಗಿಯುತ್ತದೆ.

ಓಡುವವರಿಗೆ ಏನು ಕೊಡಬಹುದು?

ತಮ್ಮನೋ ತಂಗಿಯೋ ಗೆಳೆಯನೋ ಓಡಲು ಶುರು ಮಾಡಿದ್ದರೆ ದುಬಾರಿ ವಾಚ್, ಪ್ರೋಟೀನ್ ಡಬ್ಬಿ ಬೇಕಿಲ್ಲ. ಇವುಗಳಲ್ಲಿ ಒಂದು ಸಾಕು:

- ಗಾಡಿಯ ಬೆಳಕಿಗೆ ಹೊಳೆಯುವ ಪಟ್ಟಿ ಅಥವಾ ಜಾಕೆಟ್. ಎಲ್ಲಕ್ಕಿಂತ ಮೊದಲು ಕೊಡಬೇಕಾದದ್ದು ಇದೇ.
- ಅಂಗಿಗೆ ಸಿಕ್ಕಿಸುವ ಚಿಕ್ಕ ಎಲ್‌ಇಡಿ ದೀಪ.
- ಸ್ಟೀಲ್ ನೀರಿನ ಬಾಟಲಿ, ತಿಳಿ ಬಣ್ಣದ ಟೊಪ್ಪಿಗೆ.
- ಬೇಗ ಆರುವ ಎರಡು ಜೊತೆ ಸಾಕ್ಸ್. ಒದ್ದೆಯಾದ ಹತ್ತಿಯ ಸಾಕ್ಸ್ ಉಜ್ಜಿ ಬೊಬ್ಬೆ ಏಳುತ್ತದೆ.
- ಓಡುವ ಹೆಣ್ಣುಮಕ್ಕಳಿಗೆ ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ.
- ಒಂದು ಡಬ್ಬಿ ಶೇಂಗಾ ಉಂಡೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆ, ಜೋಳದ ರೊಟ್ಟಿ, ಮೊಸರು ಮನೆಯಲ್ಲೇ ಇರುವಾಗ ಪ್ರೋಟೀನ್ ಪುಡಿ ಹುಡುಕುತ್ತಾ ಹೋಗಬೇಕಿಲ್ಲ.

ದುಡ್ಡು ಖರ್ಚಾಗದ ಉಡುಗೊರೆಯೂ ಒಂದಿದೆ. ವಾರಕ್ಕೆರಡು ದಿನ ಅವರ ಜೊತೆ ಹೋಗಿ. ಓಡಲಾಗದಿದ್ದರೆ ಸೈಕಲ್ ಮೇಲೆ ಹೋಗಿ. ಕುಸಿದವರ ಜೀವ ಉಳಿಸಲು ಮೊದಲ ಕೆಲವು ನಿಮಿಷಗಳಲ್ಲಿ ನೀರು ಸುರಿಯುವವರೊಬ್ಬರು ಪಕ್ಕದಲ್ಲಿರಬೇಕು. ಒಂಟಿಯಾಗಿ ಓಡುವವರು ಹೋಗುವ ದಾರಿ, ಮರಳುವ ಹೊತ್ತನ್ನು ಮನೆಯಲ್ಲಿ ಹೇಳಿ ಹೋಗಲಿ.

ಇದನ್ನು ಗ್ರೂಪ್‌ಗೆ ಕಳಿಸುವುದಾದರೆ "ಓಡುತ್ತಿದ್ದವರು ಕುಸಿದರೆ" ಭಾಗವನ್ನು ತಪ್ಪದೇ ಕಳಿಸಿ.