ಒಂದೇ ಪದ, ಎರಡು ಮಟ್ಟು



‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಪುರಂದರದಾಸರ ಪದ. ಶ್ರೀರಾಂಪುರ, ಮಲ್ಲೇಶ್ವರದ ಮನೆಗಳಲ್ಲಿ ಶುಕ್ರವಾರದ ಪೂಜೆಗೆ ಇದನ್ನು ಹಾಡುವುದುಂಟು. ಕರ್ನಾಟಕ ಸಂಗೀತದಲ್ಲಿ ಮಧ್ಯಮಾವತಿ ಇದಕ್ಕೆ ರೂಢಿಯ ರಾಗ. ಇದೇ ಪದವನ್ನು ಪಂಡಿತ್ ಭೀಮಸೇನ ಜೋಶಿಯವರ ಕಂಠದಲ್ಲಿ ಕೇಳಿ. ಮಾತು ಅದೇ, ಆದರೆ ನಡೆಯೇ ಬೇರೆ. ಹಾಗಾದರೆ ಯಾವುದು ಸರಿ?

ಈ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. ದಾಸರ ಕಾಲ 1484ರಿಂದ 1564 ಎಂಬುದು ಪರಂಪರೆಯ ಲೆಕ್ಕ. ಅವರ ಪದಗಳು ಬಾಯಿಂದ ಬಾಯಿಗೆ, ಓಲೆಗರಿಯಿಂದ ಕಾಗದಕ್ಕೆ ಇಳಿದು ಬಂದವು. ಆದರೆ ಅವುಗಳ ಜೊತೆ ಸ್ವರಲಿಪಿ ಬರಲಿಲ್ಲ. ಹೀಗಾಗಿ ಸಾಹಿತ್ಯ ಉಳಿಯಿತು, ಮಟ್ಟು ಬಹುಪಾಲು ಅಳಿಯಿತು. ಹಾಡುವವರು ತಮಗೆ ತಿಳಿದ ಸಂಗೀತದಲ್ಲಿ ಅದನ್ನು ಮತ್ತೆ ಕಟ್ಟಿಕೊಂಡರು.

ಕನ್ನಡಿಗರಿಗೆ ತಿಳಿದ ಸಂಗೀತವಾದರೋ ಎರಡು. ಮೈಸೂರು ಸೀಮೆಯಲ್ಲಿ ಕರ್ನಾಟಕ ಪದ್ಧತಿ ಬೆಳೆಯಿತು. ಧಾರವಾಡ, ಗದಗ, ಕುಂದಗೋಳದ ಕಡೆ ಹಿಂದೂಸ್ತಾನಿ ಬೇರೂರಿತು. 1956ರ ನವೆಂಬರ್ 1ರಂದು ಈ ಸೀಮೆಗಳು ಒಂದೇ ರಾಜ್ಯವಾದವು. ನಕ್ಷೆ ಒಂದೇ ದಿನದಲ್ಲಿ ಒಂದಾಯಿತು. ಕಿವಿಗಳು ಒಂದಾಗಲು ಕಾಲ ಬೇಕಿತ್ತು.

ಆ ಕೆಲಸಕ್ಕೆ ನೆರವಾದವುಗಳಲ್ಲಿ ಜೋಶಿಯವರ ‘ದಾಸವಾಣಿ’ ಧ್ವನಿಮುದ್ರಿಕೆಯೂ ಒಂದು. 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿದ ಅವರು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯರಾಗಿ ಕಿರಾನಾ ಘರಾಣೆಯ ಖಯಾಲ್ ಕಲಿತರು. ಬದುಕಿದ್ದು ಪುಣೆಯಲ್ಲಿ. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು, 2011ರಲ್ಲಿ ತೀರಿಕೊಂಡರು.

ಅವರ ಮುಂದಿದ್ದ ತೊಡಕನ್ನು ಗಮನಿಸಿ. ಖಯಾಲಿನ ಬಂದಿಶ್‌ಗೆ ಕೆಲವೇ ಸಾಲು, ಅದನ್ನು ಗಂಟೆಗಟ್ಟಲೆ ಹಿಗ್ಗಿಸಬಹುದು. ದೇವರನಾಮಕ್ಕೆ ಹಲವು ಚರಣ. ಪ್ರತಿ ಚರಣಕ್ಕೂ ಅರ್ಥವಿದೆ. ತಾನುಗಳನ್ನು ಸುರಿದರೆ ಮಾತು ಮುಳುಗುತ್ತದೆ. ಆದ್ದರಿಂದ ಅವರು ತಮ್ಮ ದೊಡ್ಡ ವಿದ್ಯೆಯನ್ನು ಇಲ್ಲಿ ಹಿಡಿದು ಬಳಸಿದರು. ಮೃದಂಗ, ಪಿಟೀಲುಗಳ ಜಾಗಕ್ಕೆ ತಬಲಾ, ಹಾರ್ಮೋನಿಯಂ ಬಂದವು. ಕ್ಯಾಸೆಟ್ಟಿನ ಕಾಲದಲ್ಲಿ ಉತ್ತರದ ಈ ಪುರಂದರದಾಸರು ಬೆಂಗಳೂರಿನ ಹಳೆಯ ಬಡಾವಣೆಗಳ ಮನೆಗಳಿಗೂ ಬಂದರು.

ಹಳೆಯ ಹಾಡನ್ನು ಹೀಗೆ ಮತ್ತೆ ಕಟ್ಟುವುದು ಹೊರದೇಶಗಳಲ್ಲೂ ಉಂಟು. ಅಮೆರಿಕದ ಜಾಝ್ ಕಲಾವಿದರು ನಾಟಕ, ಸಿನಿಮಾಗಳ ಹಳೆಯ ಹಾಡುಗಳನ್ನು ‘ಸ್ಟ್ಯಾಂಡರ್ಡ್’ ಎಂದು ಕರೆಯುತ್ತಾರೆ. ಮೂಲ ರಾಗವನ್ನು ಕೇಳಿಸಿ, ನಡುವೆ ಮನೋಧರ್ಮದಿಂದ ವಿಸ್ತರಿಸಿ, ಮತ್ತೆ ಮೂಲಕ್ಕೆ ಮರಳುತ್ತಾರೆ. ನಮ್ಮ ರಾಜ್ಯ ಒಂದಾದ 1956ರಲ್ಲೇ ಗಾಯಕಿ ಎಲ್ಲಾ ಫಿಟ್ಸ್‌ಜೆರಾಲ್ಡ್ ಕೋಲ್ ಪೋರ್ಟರ್ ಎಂಬ ರಚನಕಾರನ ಹಾಡುಗಳ ಮುದ್ರಿಕೆ ತಂದರು. ಆದರೆ ಒಂದು ವ್ಯತ್ಯಾಸವಿದೆ: ಪೋರ್ಟರ್ ಬರೆದ ಸ್ವರ ಅಚ್ಚಿನಲ್ಲಿತ್ತು, ದಾಸರದು ನಮ್ಮ ಬಳಿ ಇಲ್ಲ.

ಆದ್ದರಿಂದ ಎರಡು ಮಟ್ಟುಗಳಲ್ಲಿ ಒಂದನ್ನು ಅಸಲು, ಇನ್ನೊಂದನ್ನು ನಕಲು ಎನ್ನುವಂತಿಲ್ಲ. ಮಾತು ಸ್ಪಷ್ಟವಾಗಿ ಕೇಳುತ್ತದೆಯೇ, ಭಾವ ಉಳಿದಿದೆಯೇ ಎಂದು ನೋಡಿ. ಈ ವಾರ ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ವ್ಯತ್ಯಾಸಗಳನ್ನು ಬರೆದಿಡಿ. ಮನೆಯ ಹಿರಿಯರಿಗೆ ಗೊತ್ತಿರುವ ಮೂರನೆಯ ಮಟ್ಟೊಂದಿದ್ದರೆ ಅದನ್ನು ಧ್ವನಿಮುದ್ರಿಸಿಕೊಳ್ಳಿ. ಅದಕ್ಕೂ ಸ್ವರಲಿಪಿ ಇರಲಾರದು.