ಸುಳಿಯ ಎರಡು ಗಡಿಗಳು

ಬಸವನ ಬಾಗೇವಾಡಿ, ಮುದ್ದೇಬಿಹಾಳದವರಿಗೆ ಕೃಷ್ಣೆಯ ಸುಳಿ ಗೊತ್ತು. ಇಂಡಿ, ಸಿಂದಗಿಯವರಿಗೆ ಭೀಮೆಯದು. ಸುಳಿಯ ಅಂಚಿಗೆ ಬಂದ ಕಡ್ಡಿ ಒಮ್ಮೆಲೇ ಮುಳುಗುವುದಿಲ್ಲ, ಮೊದಲು ನೀರು ತಿರುಗುವ ಕಡೆಗೇ ತಿರುಗುತ್ತದೆ. ತಿರುಗುವ ಕಪ್ಪುಕುಳಿಯ ಹತ್ತಿರ ಕಣಗಳ ಪಾಡೂ ಹೆಚ್ಚುಕಮ್ಮಿ ಇದೇ ನೋಡಿ. (ಕೃಷ್ಣರಂಧ್ರ ಅಂತಲೂ ಬರೀತಾರೆ, ನಮ್ಮ ಹೊಳೆಗೂ ಅದಕ್ಕೂ ಸಂಬಂಧ ಇಲ್ಲ ಬಿಡಿ!)

ಇದರ ಗಣಿತ ಬಿಡಿಸಿದವರಲ್ಲಿ ಒಬ್ಬರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಕನ್ನಡ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ. ಜವಾಹರಲಾಲ್ ನೆಹರೂ ತಾರಾಲಯ ಕಟ್ಟಿ ಬೆಳೆಸಿದವರು ಅಂತ ಅವರನ್ನು ಬಹಳ ಜನ ಬಲ್ಲರು. ಈ ಕೆಲಸ ಬಲ್ಲವರು ಕಡಿಮೆ. ನನಗೆ ಬೇಸರ ಅದೇ.

ತಿರುಗದ ಕುಳಿಯ ಲೆಕ್ಕವನ್ನು 1916ರಲ್ಲಿ ಶ್ವಾರ್ಜ್‌ಶೀಲ್ಡ್ ಕೊಟ್ಟಿದ್ದರು. ತಿರುಗುವುದರ ಲೆಕ್ಕ ಕೊಟ್ಟದ್ದು ನ್ಯೂಜಿಲೆಂಡಿನ ರಾಯ್ ಕೆರ್, 1963ರಲ್ಲಿ. ಆಗ ವಿಶ್ವೇಶ್ವರ ಅಮೆರಿಕದಲ್ಲಿ ಓದುತ್ತಿದ್ದರು. ಮುಂದೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾದರು. ತಿರುಗದ ಕುಳಿಯಲ್ಲಿ ಎರಡು ಗಡಿಗಳು ಒಂದರ ಮೇಲೊಂದು ಕೂತಿರುತ್ತವೆ. ಒಂದನ್ನು ದಾಟಿದರೆ ನಿಂತಲ್ಲಿ ನಿಲ್ಲಲಾಗದು, ಇನ್ನೊಂದನ್ನು ದಾಟಿದರೆ ಬೆಳಕೂ ವಾಪಸ್ ಬರಲಾರದು. ತಿರುಗುವ ಕುಳಿಯಲ್ಲಿ ಇವು ಬೇರೆ ಬೇರೆ, ಧ್ರುವಗಳಲ್ಲಿ ಮಾತ್ರ ಕೂಡುತ್ತವೆ ಅಂತ ಅವರು 1968ರ ಲೇಖನದಲ್ಲಿ ತೋರಿಸಿದರು.

ಮಜಾ ಇರುವುದು ಈ ಎರಡರ ನಡುವಿನ ಜಾಗದಲ್ಲಿ. ಎಂಥ ರಾಕೆಟ್ ಇದ್ದರೂ ಅಲ್ಲಿ ಕುಳಿಯ ಜೊತೆ ತಿರುಗಲೇಬೇಕು, ಆದರೆ ಹೊರಗೆ ಬರುವ ದಾರಿ ಇನ್ನೂ ಮುಚ್ಚಿರುವುದಿಲ್ಲ. ಅಲ್ಲಿಗೆ ಹೋದ ಕಣ ಒಡೆದು, ಒಂದು ಚೂರು ಸರಿಯಾದ ದಾರಿ ಹಿಡಿದು ಕುಳಿಗೆ ಬಿದ್ದರೆ, ಇನ್ನೊಂದು ಚೂರು ತಂದದ್ದಕ್ಕಿಂತ ಹೆಚ್ಚು ಶಕ್ತಿ ಹೊತ್ತು ಬರಬಹುದು ಅಂದರು ಪೆನ್‌ರೋಸ್, 1969ರಲ್ಲಿ. ಪುಕ್ಕಟೆ ಏನಲ್ಲ, ಅಷ್ಟು ತಿರುಗುವಿಕೆ ಕುಳಿಗೆ ನಷ್ಟ.

ಸುತ್ತುವ ದಿಕ್ಕೂ ಮುಖ್ಯ. ಸೂರ್ಯನ 10 ಪಟ್ಟು ತೂಕದ, ತಿರುಗದ ಕುಳಿಯ ಸುತ್ತ ಕಣವೊಂದು ಬೀಳದೆ ನೆಮ್ಮದಿಯಾಗಿ ಸುತ್ತಬೇಕಾದರೆ ಸುಮಾರು 90 ಕಿ.ಮೀ. ದೂರ ಇರಬೇಕು. ಕುಳಿ ಗರಿಷ್ಠ ವೇಗದಲ್ಲಿ ತಿರುಗುತ್ತಿದ್ದರೆ, ಅದರ ಜೊತೆಗೇ ಸುತ್ತುವ ಕಣ ಸುಮಾರು 15 ಕಿ.ಮೀ.ವರೆಗೂ ಹೋಗಬಹುದು. ಎದುರು ಸುತ್ತಿದರೆ 130 ದಾಟಿಯೇ ಇರಬೇಕು! ಹೊಳೆಯಲ್ಲಿ ಎದುರೀಜು ಈಜಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಭಾರತಕ್ಕೆ ಮರಳಿದ ಮೇಲೂ ವಿಶ್ವೇಶ್ವರ ಇದನ್ನು ಬಿಡಲಿಲ್ಲ. ಕೆರ್ ಕುಳಿಯ ಸುತ್ತ, ಕಾಂತಕ್ಷೇತ್ರದಲ್ಲಿ, ವಿದ್ಯುದಾವೇಶದ ಕಣಗಳು ಹೇಗೆ ಚಲಿಸುತ್ತವೆ ಅಂತ ಎ.ಆರ್. ಪ್ರಸನ್ನ ಜೊತೆ 1978ರಲ್ಲಿ 'ಪ್ರಮಾಣ' ಪತ್ರಿಕೆಯಲ್ಲಿ ಬರೆದರು.

ಕಲಕಿದ ಕುಳಿ ಗಂಟೆಯಂತೆ ಮಿಡಿದು ತಣ್ಣಗಾಗುತ್ತದೆ ಅನ್ನುವುದು ಅವರ 1970ರ ಲೆಕ್ಕ. 2015ರ ಸೆಪ್ಟೆಂಬರ್ 14ರಂದು ಲೈಗೋ ಯಂತ್ರಗಳಿಗೆ ಎರಡು ಕುಳಿಗಳು ಕೂಡಿದ ಅಲೆ ಸಿಕ್ಕಿತು, 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಂತು. ವಿಶ್ವೇಶ್ವರ ತೀರಿಕೊಂಡದ್ದು 2017ರ ಜನವರಿಯಲ್ಲಿ. ಆ ಡಿಕ್ಕಿಯಲ್ಲಿ ಕೊನೆಗೆ ಉಳಿದ ಕುಳಿ ಸೂರ್ಯನ ಸುಮಾರು 62 ಪಟ್ಟು ತೂಕದ್ದು, ಅದೂ ತಿರುಗುವಂಥದ್ದೇ.