ಒಬ್ಬ ಮೇಯರ್‌ನ ಪತನ: ಡೆಟ್ರಾಯಿಟ್‌ನ ಕಿಲ್‌ಪ್ಯಾಟ್ರಿಕ್ ಪ್ರಕರಣ

ಬೆಂಗಳೂರು, ಮೈಸೂರುಗಳಲ್ಲಿ ನಾವು ಕಂಡ ಮೇಯರ್ ಹುದ್ದೆ ಒಂದು ವರ್ಷದ ಅವಧಿಯದಾಗಿತ್ತು. ಆಡಳಿತದ ಹಿಡಿತವೆಲ್ಲ ಆಯುಕ್ತರ ಕೈಯಲ್ಲಿ. ಡೆಟ್ರಾಯಿಟ್‌ನಲ್ಲಿ ಹಾಗಲ್ಲ. ಜನರೇ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುವ ಮೇಯರ್ ಪೊಲೀಸ್ ಮುಖ್ಯಸ್ಥರನ್ನೂ ಇಲಾಖಾ ಮುಖ್ಯಸ್ಥರನ್ನೂ ನೇಮಿಸುತ್ತಾರೆ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಕ್ವಾಮೆ ಕಿಲ್‌ಪ್ಯಾಟ್ರಿಕ್ 2002ರ ಜನವರಿಯಲ್ಲಿ ಅಧಿಕಾರಕ್ಕೆ ಬಂದಾಗ ಅವರ ವಯಸ್ಸು 31. ಈ ನಗರ ಆರಿಸಿದ ಅತ್ಯಂತ ಕಿರಿಯ ಮೇಯರ್ ಅವರು. ತಾಯಿ ಅಮೆರಿಕದ ಸಂಸತ್ತಿನ ಸದಸ್ಯೆ. ಮಗ ಅದಾಗಲೇ ಮಿಷಿಗನ್ ಶಾಸನಸಭೆಯಲ್ಲಿ ತಮ್ಮ ಪಕ್ಷದ ನಾಯಕರಾಗಿದ್ದವರು. ಮಾತುಗಾರ, ವಕೀಲ, ಎತ್ತರದ ಆಳು. ದಶಕಗಳಿಂದ ಸೊರಗುತ್ತಿದ್ದ ನಗರ ಅವರ ಮೇಲೆ ಭರವಸೆ ಇಟ್ಟಿತ್ತು.

ಮುರಿದುಬಿದ್ದ ಕಥೆ ಶುರುವಾಗುವುದು 2003ರಲ್ಲಿ. ಪೊಲೀಸ್ ಇಲಾಖೆಯ ಆಂತರಿಕ ತನಿಖಾ ವಿಭಾಗದ ಹೊಣೆ ಹೊತ್ತಿದ್ದ ಗ್ಯಾರಿ ಬ್ರೌನ್, ಮೇಯರ್ ಅಂಗರಕ್ಷಕರ ಮೇಲಿನ ದೂರುಗಳನ್ನು ಪರಿಶೀಲಿಸತೊಡಗಿದರು. ದೂರು ಕೊಟ್ಟವರು ಅದೇ ಅಂಗರಕ್ಷಕ ಪಡೆಯಲ್ಲಿದ್ದ ಹೆರಾಲ್ಡ್ ನೆಲ್ತ್ರೋಪ್. ಆ ಮೇ ತಿಂಗಳಲ್ಲೇ ಬ್ರೌನ್ ಹುದ್ದೆ ಕಳೆದುಕೊಂಡರು. ಅಕ್ರಮ ಬಯಲಿಗೆಳೆಯುವ ನೌಕರರಿಗೆ ರಕ್ಷಣೆ ಕೊಡುವ ಕಾನೂನಿನಡಿ ಇಬ್ಬರೂ ದಾವೆ ಹೂಡಿದರು.

2007ರಲ್ಲಿ ವಿಚಾರಣೆ ನಡೆಯಿತು. ಮೇಯರ್ ಮತ್ತು ಅವರ ಆಪ್ತ ಅಧಿಕಾರಿ ಕ್ರಿಸ್ಟೀನ್ ಬೀಟಿ, ತಮ್ಮ ನಡುವೆ ಪ್ರಣಯ ಸಂಬಂಧವಿಲ್ಲವೆಂದು ಪ್ರಮಾಣ ಮಾಡಿ ಹೇಳಿದರು. ಜ್ಯೂರಿ ನಂಬಲಿಲ್ಲ, ಪೊಲೀಸರಿಗೆ 65 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದಿತು. ಮೇಲ್ಮನವಿಯ ಮಾತಾಡುತ್ತಿದ್ದ ಮೇಯರ್, ಪೇಜರ್ ಸಂದೇಶಗಳು ಎದುರಾಳಿ ವಕೀಲರ ಕೈ ಸೇರಿವೆ ಎಂದು ತಿಳಿದ ಕೂಡಲೇ ರಾಜಿಗೆ ಒಪ್ಪಿದರು. ಒಟ್ಟು 84 ಲಕ್ಷ ಡಾಲರ್ ನಗರದ ಖಜಾನೆಯಿಂದ ಹೋಯಿತು. ಸಂದೇಶಗಳನ್ನು ಮುಚ್ಚಿಡುವ ಗುಪ್ತ ಒಪ್ಪಂದವೊಂದು ಇದೆ ಎಂಬುದು ಹಣ ಮಂಜೂರು ಮಾಡಿದ ನಗರ ಸಭೆಗೇ ಗೊತ್ತಿರಲಿಲ್ಲ.

2008ರ ಜನವರಿಯಲ್ಲಿ ‘ಡೆಟ್ರಾಯಿಟ್ ಫ್ರೀ ಪ್ರೆಸ್’ ಪತ್ರಿಕೆ ಸಂದೇಶಗಳನ್ನು ಪ್ರಕಟಿಸಿತು. ಪ್ರಣಯವೂ ನಿಜವಾಗಿತ್ತು, ಬ್ರೌನ್ ಅವರನ್ನು ತೆಗೆದುಹಾಕುವ ಮಾತುಕತೆಯೂ ಅಲ್ಲಿತ್ತು. ಮುಂದಿನ ವರ್ಷ ಪತ್ರಿಕೆಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಮಾರ್ಚ್‌ನಲ್ಲಿ ಪ್ರಾಸಿಕ್ಯೂಟರ್ ಕಿಮ್ ವರ್ದಿ ಸುಳ್ಳು ಸಾಕ್ಷ್ಯ, ನ್ಯಾಯಕ್ಕೆ ಅಡ್ಡಿ ಮುಂತಾದ ಆರೋಪ ಹೊರಿಸಿದರು. ಆಗಸ್ಟ್‌ನಲ್ಲಿ ಜಾಮೀನಿನ ಷರತ್ತು ಮೀರಿ ನದಿಯಾಚೆಯ ಕೆನಡಾದ ವಿಂಡ್ಸರ್‌ಗೆ ಹೋಗಿಬಂದದ್ದಕ್ಕೆ ಮೇಯರ್ ಒಂದು ರಾತ್ರಿ ಜೈಲಿನಲ್ಲಿ ಕಳೆದರು. ಅವರನ್ನು ಪದಚ್ಯುತಗೊಳಿಸುವ ವಿಚಾರಣೆಯನ್ನು ಗವರ್ನರ್ ಜೆನಿಫರ್ ಗ್ರ್ಯಾನ್‌ಹೋಮ್ ಸೆಪ್ಟೆಂಬರ್ 3ರಂದು ಆರಂಭಿಸಿದರು. ಮರುದಿನವೇ ಕಿಲ್‌ಪ್ಯಾಟ್ರಿಕ್ ತಪ್ಪೊಪ್ಪಿಕೊಂಡು ರಾಜೀನಾಮೆಗೆ ಸಮ್ಮತಿಸಿದರು. ನಾಲ್ಕು ತಿಂಗಳ ಜೈಲು, 10 ಲಕ್ಷ ಡಾಲರ್ ಮರುಪಾವತಿ, ವಕೀಲಿಕೆಯ ಸನ್ನದು ರದ್ದು.

‘ಒಂದು ಪ್ರೇಮ ಪ್ರಕರಣಕ್ಕಾಗಿ ಇಷ್ಟೆಲ್ಲವೇ?’ ಎಂದು ಆಗ ಕೇಳಿದವರುಂಟು. ಪ್ರೇಮ ಇಲ್ಲಿ ರೋಗಲಕ್ಷಣ ಮಾತ್ರ. ರೋಗ ಬೇರೆ: ಕರ್ತವ್ಯ ಮಾಡಿದ ನೌಕರರನ್ನು ಶಿಕ್ಷಿಸುವುದು, ಅದನ್ನು ಮುಚ್ಚಲು ನ್ಯಾಯಾಲಯದಲ್ಲಿ ಸುಳ್ಳು ಹೇಳುವುದು, ಆ ಸುಳ್ಳನ್ನು ಮುಚ್ಚಲು ಜನರ ಹಣ ಸುರಿಯುವುದು. ರೋಗ ಎಷ್ಟು ಹರಡಿತ್ತೆಂಬುದು 2013ರಲ್ಲಿ ತಿಳಿಯಿತು. ನಗರದ ನೀರು ಸರಬರಾಜು ಇಲಾಖೆಯ ಗುತ್ತಿಗೆಗಳು ಬಲವಂತದಿಂದ ಮೇಯರ್ ಸ್ನೇಹಿತರೊಬ್ಬರ ಪಾಲಾಗಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸುಲಿಗೆ, ಸಂಘಟಿತ ಭ್ರಷ್ಟಾಚಾರ ಸೇರಿ 24 ಆರೋಪಗಳು ಫೆಡರಲ್ ನ್ಯಾಯಾಲಯದಲ್ಲಿ ಸಾಬೀತಾಗಿ 28 ವರ್ಷಗಳ ಶಿಕ್ಷೆಯಾಯಿತು. 2021ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಸೆರೆವಾಸವನ್ನು ಮೊಟಕುಗೊಳಿಸಿದರು. ಅಪರಾಧ ನಿರ್ಣಯ ಹಾಗೇ ಉಳಿಯಿತು.

ಅದೇ 2013ರ ಜುಲೈನಲ್ಲಿ ಡೆಟ್ರಾಯಿಟ್ ಸುಮಾರು 1,800 ಕೋಟಿ ಡಾಲರ್ ಹೊರೆಯೊಂದಿಗೆ ದಿವಾಳಿ ಅರ್ಜಿ ಹಾಕಿತು. ಟ್ರಾಯ್, ನೋವೈಗಳಂಥ ಉಪನಗರಗಳಲ್ಲಿ ನೆಲೆಸಿರುವ ನಾವು ‘ಕಿಲ್‌ಪ್ಯಾಟ್ರಿಕ್ ಊರನ್ನು ಮುಳುಗಿಸಿದ’ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಇದು ಅವಸರದ ರೋಗನಿರ್ಣಯ. ಪಿಂಚಣಿ ನಿಧಿಗಾಗಿ 2005ರಲ್ಲಿ ಮಾಡಿದ ಸುಮಾರು 140 ಕೋಟಿ ಡಾಲರ್ ಸಾಲ ಅವರ ಕಾಲದ್ದೇ, ನಿಜ. ಆದರೆ 1950ರಲ್ಲಿ 18 ಲಕ್ಷ ದಾಟಿದ್ದ ಜನಸಂಖ್ಯೆ 2010ಕ್ಕೆ 7 ಲಕ್ಷದ ಆಸುಪಾಸಿಗೆ ಇಳಿದಿತ್ತು. ಕಾರ್ಖಾನೆಗಳು, ತೆರಿಗೆ ಕಟ್ಟುವ ಕುಟುಂಬಗಳು ಹೊರಗೆ ಹೋದದ್ದು ಅವರು ಹುಟ್ಟುವ ಮೊದಲೇ ಶುರುವಾಗಿತ್ತು. ಹಾಗೆ ಬೆಳೆದ ಉಪನಗರಗಳಿಗೇ ನಾವೂ ಬಂದು ಸೇರಿದವರು. ಬಡಕಲು ದೇಹಕ್ಕೆ ಸೋಂಕು ತಗುಲಿದರೆ ಸೋಂಕನ್ನೂ ಕಾಣಬೇಕು, ಬಡಕಲುತನವನ್ನೂ ಕಾಣಬೇಕು.

‘ರಾಜಕಾರಣಿಗಳೆಲ್ಲ ಹೀಗೇ’ ಎಂಬ ಮಾತೂ ಇಲ್ಲಿ ಸಲ್ಲದು. ಇಬ್ಬರು ಪೊಲೀಸರು, ಒಂದು ಜ್ಯೂರಿ, ಒಂದು ಪತ್ರಿಕೆ, ಒಬ್ಬ ಪ್ರಾಸಿಕ್ಯೂಟರ್ ತಂತಮ್ಮ ಪಾಲಿನ ಕೆಲಸ ಮಾಡಿದ್ದರಿಂದಲೇ ಬಲಾಢ್ಯ ಮೇಯರ್ ಇಳಿಯಬೇಕಾಯಿತು. ಗ್ಯಾರಿ ಬ್ರೌನ್ 2009ರಲ್ಲಿ ನಗರ ಸಭೆಗೆ ಆರಿಸಿಬಂದರು. ಕೆಲವು ವರ್ಷಗಳ ಬಳಿಕ ನಗರ ಅವರಿಗೆ ಒಂದು ಇಲಾಖೆಯ ಮುಖ್ಯಸ್ಥರ ಸ್ಥಾನ ಕೊಟ್ಟಿತು: ಅದೇ ನೀರು ಸರಬರಾಜು ಇಲಾಖೆ.